ಆ್ಯಪ್ ಸಿದ್ಧವಾಗಿದೆ, ಜನ ಬಳಸುತ್ತಿಲ್ಲ: ಬಳಸುವವರಿಗೆ ಒಗ್ಗುವ ಡಿಜಿಟಲ್ ವ್ಯವಸ್ಥೆ ಕಟ್ಟುವುದು ಹೇಗೆ?

ಓದುಗರಿಂದ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತುತ್ತದೆ. ಕೇಳುವವರು ಬೇರೆ ಬೇರೆ. ಶಾಲೆ ನಡೆಸುವವರಿದ್ದಾರೆ, ಚಿಕಿತ್ಸಾಲಯದವರಿದ್ದಾರೆ, ಸಂಘ ಸಂಸ್ಥೆಗಳ ಕಾರ್ಯದರ್ಶಿಗಳಿದ್ದಾರೆ, ಈಗಷ್ಟೇ ಕೆಲಸಕ್ಕೆ ಸೇರಿದ ಪ್ರೋಗ್ರಾಮರ್‌ಗಳೂ ಇದ್ದಾರೆ. ಪ್ರಶ್ನೆ ಮಾತ್ರ ಒಂದೇ: “ತಿಂಗಳುಗಟ್ಟಲೆ ಶ್ರಮಪಟ್ಟು ಆ್ಯಪ್ ಮಾಡಿಸಿದೆವು. ಜನ ಬಳಸುತ್ತಿಲ್ಲ. ಅವರಿಗೆ ಹೇಗೆ ಕಲಿಸುವುದು?”

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಲಿಸುವ ಮಾತನ್ನು ಸ್ವಲ್ಪ ಬದಿಗಿಟ್ಟು, ಅವರ ಪಕ್ಕದಲ್ಲಿ ಕುಳಿತು ನೋಡಿ. ಎಲ್ಲಿ ತಡವರಿಸುತ್ತಾರೆ, ಎಲ್ಲಿಂದ ಹಿಂದಕ್ಕೆ ಹೋಗುತ್ತಾರೆ, ಯಾವ ಘಟ್ಟದಲ್ಲಿ ಫೋನನ್ನು ಪಕ್ಕದವರ ಕೈಗೆ ಕೊಟ್ಟುಬಿಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡರೆ ತಿದ್ದಬೇಕಾದದ್ದು ಏನೆಂಬುದು ತಾನಾಗಿ ಹೊಳೆಯುತ್ತದೆ. ಮುಂದಿನ ಹಂತಗಳೆಲ್ಲ ಈ ನೋಡುವ ಕೆಲಸವನ್ನು ಕ್ರಮವಾಗಿ ಮಾಡುವ ಬಗೆಗಳು.

ಈ ಬರಹ ಎರಡು ಬಗೆಯ ಓದುಗರಿಗಾಗಿ: ಡಿಜಿಟಲ್ ಸೌಲಭ್ಯವನ್ನು ತಾವೇ ಕಟ್ಟುವವರು, ಮತ್ತು ಬೇರೆಯವರು ಕಟ್ಟಿದ್ದನ್ನು ಕೊಂಡು ತಮ್ಮ ಸಂಸ್ಥೆಯಲ್ಲಿ ಜಾರಿಗೆ ತರುವವರು. ಕೊಳ್ಳುವವರು 8ನೇ ಹಂತಕ್ಕೆ ನೇರವಾಗಿ ಹೋಗಬಹುದು. ಆದರೆ ದಯವಿಟ್ಟು 1ನೇ ಹಂತವನ್ನು ಮಾತ್ರ ಬಿಡಬೇಡಿ.

‘ಬಳಕೆದಾರ ಕೇಂದ್ರಿತ ವಿನ್ಯಾಸ’ ಎಂಬ ಮಾತನ್ನು ನೀವು ಕೇಳಿರಬಹುದು. ಯಂತ್ರಕ್ಕೆ ಏನು ಸಾಧ್ಯ ಎಂಬುದರಿಂದ ಆರಂಭಿಸದೆ, ಬಳಸುವ ವ್ಯಕ್ತಿ ಮಾಡಬೇಕಾದ ಕೆಲಸದಿಂದ ಆರಂಭಿಸಿ ಕಟ್ಟುವ ಕ್ರಮಕ್ಕೆ ಆ ಹೆಸರು. ಇದು ಹೊಸ ವಿಚಾರವೇನೂ ಅಲ್ಲ. 1985ರಲ್ಲೇ ಕಂಪ್ಯೂಟರ್ ಕಂಪನಿ ಐಬಿಎಂನ ಸಂಶೋಧಕರಾದ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಮೂರು ಸೂತ್ರಗಳನ್ನು ಮುಂದಿಟ್ಟರು: ಆರಂಭದಿಂದಲೇ ಬಳಕೆದಾರರನ್ನೂ ಅವರ ಕೆಲಸವನ್ನೂ ಗಮನಿಸಿ, ಅವರು ಬಳಸುವುದನ್ನು ಅಳೆಯಿರಿ, ಕಂಡ ತಪ್ಪನ್ನು ತಿದ್ದಿ ಮತ್ತೆ ಪರೀಕ್ಷಿಸಿ. ಮುಂದೆ ಇದಕ್ಕೆ ಅಂತಾರಾಷ್ಟ್ರೀಯ ಮಾನದಂಡವೂ ಬಂತು. ಈಗ ಜಾರಿಯಲ್ಲಿರುವುದು ಐಎಸ್‌ಒ 9241-210. 2010ರಲ್ಲಿ ಪ್ರಕಟವಾದ ಇದನ್ನು 2019ರಲ್ಲಿ ಪರಿಷ್ಕರಿಸಲಾಗಿದೆ. ಮಾನದಂಡದ ಸಂಖ್ಯೆ ನೆನಪಿಡುವ ಅಗತ್ಯವಿಲ್ಲ, ಮೂರು ಸೂತ್ರಗಳು ಸಾಕು.

ಮೊದಲು ಕೂಡಿಸಿಕೊಳ್ಳಬೇಕಾದದ್ದು

ಒಂದು ನೋಟ್‌ಬುಕ್, ಬಿಳಿ ಹಾಳೆಗಳು, ಪೆನ್ಸಿಲ್. ನೀವು ಕಟ್ಟುವ ಸೌಲಭ್ಯವನ್ನು ನಿಜವಾಗಿ ಬಳಸಬೇಕಾದ ಐದಾರು ಮಂದಿ, ಮತ್ತು ಅವರ ತಲಾ ಒಂದು ಗಂಟೆ. ನಾಲ್ಕೈದು ವರ್ಷ ಹಳೆಯದಾದ, ಕಡಿಮೆ ಸಾಮರ್ಥ್ಯದ ಒಂದು ಮೊಬೈಲ್. ಜೊತೆಗೆ, “ಇದನ್ನು ಬದಲಿಸೋಣ” ಎಂದರೆ ಬದಲಿಸುವ ಅಧಿಕಾರವಿರುವ ಒಬ್ಬರು. ಈ ಕೊನೆಯದು ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ವರದಿ ಬರೆದು ಕಪಾಟಿನಲ್ಲಿಡುವ ಕೆಲಸಕ್ಕೆ ಯಾರ ಸಮಯವನ್ನೂ ಬೇಡಬೇಡಿ.

ಹಂತ 1: ಕೆಲಸ ನಡೆಯುವ ಜಾಗಕ್ಕೆ ಹೋಗಿ ನೋಡಿ

ಹೆಚ್ಚಿನವರು ಸಮೀಕ್ಷೆಯಿಂದ ಆರಂಭಿಸುತ್ತಾರೆ. “ನಿಮಗೆ ಇಂಥ ಆ್ಯಪ್ ಬೇಕೇ?” ಎಂದು ಕೇಳಿದರೆ ಬಹುತೇಕ ಎಲ್ಲರೂ ಹೌದೆನ್ನುತ್ತಾರೆ. ಅದು ಸೌಜನ್ಯ. ಅದನ್ನು ಬೇಡಿಕೆ ಎಂದುಕೊಂಡು ಮುಂದುವರಿದವರೇ ನನಗೆ ಪತ್ರ ಬರೆಯುವವರಲ್ಲಿ ಹೆಚ್ಚು.

ಹಾಗಾಗಿ ಅಭಿಪ್ರಾಯ ಕೇಳುವ ಬದಲು, ನಡೆದದ್ದನ್ನು ಕೇಳಿ. “ಕಳೆದ ಸಲ ವೈದ್ಯರ ಭೇಟಿಗೆ ಸಮಯ ಗೊತ್ತುಮಾಡಿಕೊಂಡಿರಲ್ಲ, ಆ ದಿನ ಮೊದಲಿನಿಂದ ಏನೇನು ಮಾಡಿದಿರಿ?” ಎಂಬ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಹೂರಣವಿರುತ್ತದೆ. ಯಾರಿಗೆ ಫೋನ್ ಮಾಡಿದರು, ಎಷ್ಟು ಸಲ ಮಾಡಿದರು, ಏನನ್ನು ಚೀಟಿಯಲ್ಲಿ ಬರೆದುಕೊಂಡರು, ಯಾರನ್ನು ಜೊತೆಗೆ ಕರೆದೊಯ್ದರು, ಎಲ್ಲವೂ ಹೊರಬರುತ್ತದೆ. ಸಾಧ್ಯವಾದರೆ ಆ ಕೆಲಸವನ್ನು ಅವರು ಮಾಡುತ್ತಿರುವಾಗಲೇ ಪಕ್ಕದಲ್ಲಿರಿ. ಹೇಳುವಾಗ ಮರೆತುಹೋಗುವ ಎಷ್ಟೋ ಸಂಗತಿಗಳು ಕೈ ಆಡುವಾಗ ಕಾಣುತ್ತವೆ.

ನೋಟ್‌ಬುಕ್ಕಿನಲ್ಲಿ ಇವನ್ನು ತಪ್ಪದೆ ಗುರುತಿಸಿ: ಫೋನ್ ಯಾರದು, ಅದನ್ನು ಮನೆಯಲ್ಲಿ ಎಷ್ಟು ಜನ ಹಂಚಿಕೊಳ್ಳುತ್ತಾರೆ, ಪರದೆ ಒಡೆದಿದೆಯೇ, ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಂಡಿದ್ದಾರೆಯೇ, ಒಂದೇ ಕೈಯಲ್ಲಿ ಬಳಸುತ್ತಾರೆಯೇ, ಬಿಸಿಲಲ್ಲಿ ನಿಂತು ಬಳಸುತ್ತಾರೆಯೇ, ನೆಟ್‌ವರ್ಕ್ ಎಷ್ಟು ಹೊತ್ತಿಗೆ ಕೈಕೊಡುತ್ತದೆ. ‘ಬಳಕೆಯ ಸಂದರ್ಭ’ ಎಂದು ವಿನ್ಯಾಸಕಾರರು ಕರೆಯುವುದು ಇದನ್ನೇ. ಪರದೆಯ ಆಚೆಗಿನ ಈ ವಿವರಗಳು ಗೊತ್ತಿಲ್ಲದೆ ಪರದೆಯ ಒಳಗಿನದನ್ನು ಸರಿಯಾಗಿ ಮಾಡಲಾಗದು.

ಒಂದು ಉದಾಹರಣೆ ಕೊಡುತ್ತೇನೆ. ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಒಂದು ನೋಂದಣಿ ಫಾರ್ಮ್ ತುಂಬುವಾಗ ನಾನು ಪಕ್ಕದಲ್ಲಿದ್ದೆ. ಹೆಸರು ಬರೆದರು, ಊರು ಬರೆದರು, ಹುಟ್ಟಿದ ದಿನಾಂಕಕ್ಕೆ ಬಂದರು. ಅಲ್ಲೊಂದು ಪುಟ್ಟ ಕ್ಯಾಲೆಂಡರ್ ತೆರೆದುಕೊಂಡಿತು. ಅದು ತೋರಿಸುತ್ತಿದ್ದದ್ದು ಅಂದಿನ ತಿಂಗಳನ್ನು. ಹಿಂದಕ್ಕೆ ಹೋಗಲು ಎಡಬದಿಯ ಬಾಣದ ಗುರುತು, ಒಮ್ಮೆ ಒತ್ತಿದರೆ ಒಂದು ತಿಂಗಳು ಹಿಂದೆ. ಅವರು ಒತ್ತತೊಡಗಿದರು. ಹತ್ತು ಸಲ, ಇಪ್ಪತ್ತು ಸಲ, ಬಾಯಲ್ಲೇ ಲೆಕ್ಕ ಹಾಕುತ್ತ. ಎಪ್ಪತ್ತು ವರ್ಷ ಹಿಂದೆ ಹೋಗಲು 840 ಸಲ ಒತ್ತಬೇಕು. ನಲವತ್ತರ ಹತ್ತಿರ ಬಂದಾಗ ಹೆಬ್ಬೆರಳು ಜಾರಿ ತಪ್ಪು ದಿನಾಂಕ ಆಯ್ಕೆಯಾಗಿ ಕ್ಯಾಲೆಂಡರ್ ಮುಚ್ಚಿಕೊಂಡಿತು. ಅವರು ಫೋನನ್ನು ಮಡಿಲಿಗಿಟ್ಟು, “ಇದೆಲ್ಲ ನಮಗಲ್ಲ ಬಿಡಿ” ಎಂದರು. ವರ್ಷವನ್ನು ಒತ್ತಿದರೆ ವರ್ಷಗಳ ಪಟ್ಟಿ ತೆರೆಯುತ್ತಿತ್ತು, ಆದರೆ ಅದನ್ನು ಒತ್ತಬಹುದು ಎಂಬ ಸುಳಿವು ಎಲ್ಲೂ ಇರಲಿಲ್ಲ. ದಿನ, ತಿಂಗಳು, ವರ್ಷ ಎಂದು ಮೂರು ಖಾಲಿ ಚೌಕಗಳನ್ನು ಕೊಟ್ಟಿದ್ದರೆ ಅವರು ಎಂಟು ಅಂಕಿಗಳಲ್ಲಿ ಮುಗಿಸುತ್ತಿದ್ದರು. ಯಾವ ಸಮೀಕ್ಷೆಯೂ ಇದನ್ನು ನನಗೆ ತಿಳಿಸುತ್ತಿರಲಿಲ್ಲ.

ಎಚ್ಚರಿಕೆ: ನೋಡಲು ಹೋಗುವಾಗ ಸಂಸ್ಥೆಯ ಮುಖ್ಯಸ್ಥರು ಆರಿಸಿಕೊಟ್ಟ ‘ಚುರುಕು’ ಬಳಕೆದಾರರಷ್ಟನ್ನೇ ನೋಡಿ ಬರಬೇಡಿ. ಕಷ್ಟಪಡುವವರು, ಬಳಸಲು ನಿರಾಕರಿಸಿದವರು, ಬೇರೆಯವರ ಕೈಯಲ್ಲಿ ಮಾಡಿಸಿಕೊಳ್ಳುವವರು ಇವರಲ್ಲಿ ಕನಿಷ್ಠ ಇಬ್ಬರಾದರೂ ನಿಮ್ಮ ಪಟ್ಟಿಯಲ್ಲಿರಲಿ.

ಹಂತ 2: ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಯಾರಿಗೆ, ಯಾವ ಕೆಲಸದಲ್ಲಿ, ಏನು ತೊಂದರೆ, ಮತ್ತು ಅದು ನೀಗಿದ್ದು ಹೇಗೆ ತಿಳಿಯುತ್ತದೆ? ಈ ನಾಲ್ಕಕ್ಕೂ ಉತ್ತರ ಒಂದು ವಾಕ್ಯದಲ್ಲಿ ಇರಬೇಕು. “ರೋಗಿಗಳಿಗಾಗಿ ಅತ್ಯಾಧುನಿಕ ಆ್ಯಪ್” ಎಂಬುದು ಸಮಸ್ಯೆಯ ವಿವರಣೆ ಆಗುವುದಿಲ್ಲ. “ದೂರದಿಂದ ಬರುವ ರೋಗಿಗಳಿಗೆ ವೈದ್ಯರು ಅಂದು ಇದ್ದಾರೋ ಇಲ್ಲವೋ ಎಂಬುದು ಹೊರಡುವ ಮೊದಲು ತಿಳಿಯುತ್ತಿಲ್ಲ, ವ್ಯರ್ಥ ಪ್ರಯಾಣಗಳು ಅರ್ಧಕ್ಕಿಳಿದರೆ ನಾವು ಗೆದ್ದಂತೆ” ಎಂಬುದು ಆಗುತ್ತದೆ.

ವಾಕ್ಯ ಬರೆದಾದ ಮೇಲೆ ಒಂದು ಪ್ರಾಮಾಣಿಕ ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಆ್ಯಪ್ ಬೇಕೇ? ಮೇಲಿನ ಸಮಸ್ಯೆಗೆ ಬೆಳಿಗ್ಗೆ ಕಳುಹಿಸುವ ಒಂದು ಎಸ್‌ಎಂಎಸ್ ಸಾಕಾಗಬಹುದು. ಕೆಲವು ಸಲ ಬಾಗಿಲ ಬಳಿಯ ಒಂದು ಫಲಕವೇ ಸಾಕು. ಸರಳವಾದದ್ದು ಸಾಕಾದರೆ ಅಲ್ಲಿಗೆ ನಿಲ್ಲಿಸಿ.

ಹಂತ 3: ಕಾಗದದಲ್ಲಿ ಮಾಡಿ

ಪ್ರೊಟೊಟೈಪ್ ಎಂದರೆ ನಿಜವಾದದ್ದನ್ನು ಕಟ್ಟುವ ಮೊದಲು ಮಾಡುವ ಅಗ್ಗದ ಮಾದರಿ. ಮೊದಲ ಮಾದರಿ ಕಾಗದದ್ದೇ ಇರಲಿ. ಒಂದೊಂದು ಹಾಳೆಯಲ್ಲಿ ಒಂದೊಂದು ಪರದೆ ಬರೆಯಿರಿ. ಬಳಕೆದಾರರು ಬೆರಳಿನಿಂದ ‘ಬಟನ್’ ಒತ್ತಿದಾಗ ನೀವು ಮುಂದಿನ ಹಾಳೆ ಇಡಿ. ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಟೀಕಿಸಲು ಜನ ಹಿಂಜರಿಯುವುದಿಲ್ಲ. ಬಣ್ಣ ಬಳಿದು ಹೊಳೆಯುವಂತೆ ಮಾಡಿ ತೋರಿಸಿದರೆ, ಪಾಪ ಇಷ್ಟೆಲ್ಲ ಕಷ್ಟಪಟ್ಟಿದ್ದಾರೆ ಎಂದು ಮೌನವಾಗುತ್ತಾರೆ.

ದೊಡ್ಡ ತಂತ್ರಜ್ಞಾನವನ್ನೂ ಹೀಗೆಯೇ ಪರೀಕ್ಷಿಸಬಹುದು. 1980ರ ದಶಕದ ಆರಂಭದಲ್ಲಿ ಗೌಲ್ಡ್ ಮತ್ತು ಸಂಗಡಿಗರು, ಮಾತನ್ನು ಅಕ್ಷರಕ್ಕಿಳಿಸುವ ಯಂತ್ರ ಜನರಿಗೆ ಒಗ್ಗುತ್ತದೆಯೇ ಎಂದು ತಿಳಿಯಬಯಸಿದರು. ಅಂಥ ಯಂತ್ರ ಆಗ ಇರಲಿಲ್ಲ. ಹೇಳಿದ್ದನ್ನು ಬೇರೊಂದು ಕೋಣೆಯಲ್ಲಿ ಕುಳಿತ ಬೆರಳಚ್ಚುಗಾರರು ಟೈಪ್ ಮಾಡುತ್ತಿದ್ದರು, ಅದು ಪರದೆಯಲ್ಲಿ ಮೂಡುತ್ತಿತ್ತು. ಯಂತ್ರದ ಜಾಗದಲ್ಲಿ ತೆರೆಮರೆಯ ಮನುಷ್ಯನನ್ನು ಕೂರಿಸುವ ಈ ಉಪಾಯ ಇಂದಿಗೂ ಬಳಕೆಯಲ್ಲಿದೆ. ಪ್ರಶ್ನೆಗಳಿಗೆ ತಾನಾಗಿ ಉತ್ತರಿಸುವ ಚಾಟ್‌ಬಾಟ್ ಮಾಡಿಸಬೇಕೆಂದಿದ್ದರೆ, ಮೊದಲ ಎರಡು ವಾರ ನಿಮ್ಮಲ್ಲೇ ಒಬ್ಬರು ಉತ್ತರ ಕೊಡಿ. ಪರೀಕ್ಷೆ ಮುಗಿದ ಮೇಲೆ ಭಾಗವಹಿಸಿದವರಿಗೆ ನಿಜಾಂಶ ತಿಳಿಸಿ. ಜನ ನಿಜವಾಗಿ ಏನು ಕೇಳುತ್ತಾರೆ ಎಂಬ ಪಟ್ಟಿಯೇ ನಿಮ್ಮ ಅರ್ಧ ವಿನ್ಯಾಸ.

ಹಂತ 4: ಐದು ಜನರೊಂದಿಗೆ ಪರೀಕ್ಷಿಸಿ

“ಐದೇ ಜನ ಸಾಕೇ?” ಎಂದು ಎಲ್ಲರೂ ಕೇಳುತ್ತಾರೆ. ಜನ ಕಂಪ್ಯೂಟರ್ ಬಳಸುವ ಬಗೆಯನ್ನು ಅಧ್ಯಯನ ಮಾಡಿದ ಜಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಇದರ ಲೆಕ್ಕ ಕೊಟ್ಟಿದ್ದಾರೆ. ಅವರು ಗಮನಿಸಿದ ಯೋಜನೆಗಳಲ್ಲಿ, ಒಬ್ಬ ಬಳಕೆದಾರನನ್ನು ನೋಡಿದರೆ ಇರುವ ತೊಡಕುಗಳಲ್ಲಿ ಸರಾಸರಿ ಶೇಕಡಾ 31ರಷ್ಟು ಬೆಳಕಿಗೆ ಬರುತ್ತಿದ್ದವು. ಎರಡನೆಯವನಲ್ಲಿ ಹಳೆಯವೇ ಕೆಲವು ಮರುಕಳಿಸಿ ಹೊಸವು ಕೆಲವು ಸೇರುತ್ತವೆ. ಹೀಗೆ ಐವರಾಗುವಷ್ಟರಲ್ಲಿ ಸುಮಾರು ಶೇಕಡಾ 85ರಷ್ಟು ಸಿಕ್ಕಿರುತ್ತವೆ. ಆದ್ದರಿಂದ ಹದಿನೈದು ಜನರನ್ನು ಒಂದೇ ಸಲ ಪರೀಕ್ಷಿಸುವುದಕ್ಕಿಂತ, ಐವರನ್ನು ನೋಡಿ, ತಿದ್ದಿ, ಮತ್ತೆ ಐವರನ್ನು ನೋಡುವುದು ಮೇಲು. ನಿಮ್ಮ ಬಳಕೆದಾರರಲ್ಲಿ ತೀರ ಭಿನ್ನವಾದ ಎರಡು ಗುಂಪುಗಳಿದ್ದರೆ, ಉದಾಹರಣೆಗೆ ರೋಗಿಗಳು ಮತ್ತು ನರ್ಸ್‌ಗಳು, ಪ್ರತಿ ಗುಂಪಿನಿಂದಲೂ ಮೂರು ನಾಲ್ಕು ಜನ ಬೇಕು. ಜೊತೆಗೆ ನೆನಪಿಡಿ: ಈ ಸಂಖ್ಯೆ ತೊಡಕು ಹುಡುಕಲು ಮಾತ್ರ. ಐವರನ್ನು ನೋಡಿ “ಶೇಕಡಾ 80 ಜನರಿಗೆ ಇಷ್ಟವಾಗಿದೆ” ಎಂದು ಬರೆಯುವುದು ತಪ್ಪು.

ಪರೀಕ್ಷೆ ನಡೆಸುವ ಕ್ರಮ ಹೀಗಿರಲಿ:

1. ಮೊದಲು ಹೇಳಿ: “ನಾವು ಪರೀಕ್ಷಿಸುತ್ತಿರುವುದು ಈ ಆ್ಯಪನ್ನು, ನಿಮ್ಮನ್ನಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಅದು ಆ್ಯಪಿನ ತಪ್ಪು.” ಬಾಯುಪಚಾರಕ್ಕೆ ಹೇಳಬೇಡಿ. ಪರೀಕ್ಷೆ ಎಂದೊಡನೆ ಹೆದರುವವರು ಬಹಳ.

2. ಬಯಸಿದಾಗ ನಿಲ್ಲಿಸಬಹುದು ಎಂದು ತಿಳಿಸಿ. ಧ್ವನಿ ಅಥವಾ ವಿಡಿಯೊ ದಾಖಲಿಸುವುದಿದ್ದರೆ ಅನುಮತಿ ಕೇಳಿ.

3. ಕೆಲಸ ಕೊಡಿ, ದಾರಿ ಹೇಳಬೇಡಿ. “ಮೇಲಿನ ನೀಲಿ ಬಟನ್ ಒತ್ತಿ ಭೇಟಿ ಕಾಯ್ದಿರಿಸಿ” ಎಂದರೆ ಉತ್ತರವನ್ನೇ ಹೇಳಿಕೊಟ್ಟಂತೆ. “ನಿಮ್ಮ ಮಗುವಿಗೆ ಎರಡು ದಿನದಿಂದ ಕೆಮ್ಮು. ನಾಳೆಯೇ ವೈದ್ಯರನ್ನು ಕಾಣಬೇಕು” ಎಂದಷ್ಟೇ ಹೇಳಿ ಫೋನ್ ಕೊಡಿ.

4. ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ಮಾಡಲು ಕೋರಿ. “ಇದೇನಿದು, ಇಲ್ಲಿ ಒತ್ತಬೇಕಾ, ಹಿಂದೆ ಹೋಗಿಬಿಟ್ಟಿತಲ್ಲ” ಎಂಬಂಥ ಮಾತುಗಳನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ.

5. ನೀವು ಸುಮ್ಮನಿರಿ. ಇದೇ ಅತ್ಯಂತ ಕಷ್ಟದ ಭಾಗ. ಅವರು ತಪ್ಪು ದಾರಿ ಹಿಡಿದಾಗ ಕೈ ತಾನಾಗಿ ಮುಂದೆ ಹೋಗುತ್ತದೆ. ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. “ಇದನ್ನು ಒತ್ತಿದರೆ ಏನಾಗುತ್ತದೆ?” ಎಂದು ಅವರು ಕೇಳಿದರೆ, “ಏನಾಗಬಹುದು ಎಂದು ನಿಮಗೆ ಅನಿಸುತ್ತದೆ?” ಎಂದು ಮರಳಿ ಕೇಳಿ.

6. ಕೊನೆಗೆ ಕೇಳಿ: ಎಲ್ಲಿ ಕಷ್ಟವಾಯಿತು, ಮುಂದೆ ನೀವು ಒಬ್ಬರೇ ಇದ್ದಾಗ ಮಾಡುತ್ತೀರಾ?

ಅಂಕಿಯಲ್ಲೂ ಅಳೆಯಬೇಕೆಂದರೆ ಬಳಕೆ ಎಷ್ಟು ಸುಲಭ ಎಂದು ತಿಳಿಯಲು ‘ಸಿಸ್ಟಮ್ ಯೂಸಬಿಲಿಟಿ ಸ್ಕೇಲ್’ ಎಂಬ ಪ್ರಶ್ನಾವಳಿ ಇದೆ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ್ದು. ಹತ್ತು ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಉತ್ತರ. ಬೆಸಸಂಖ್ಯೆಯ ಹೇಳಿಕೆಗಳ ಅಂಕದಿಂದ 1 ಕಳೆಯಿರಿ, ಸಮಸಂಖ್ಯೆಯವನ್ನು 5ರಿಂದ ಕಳೆಯಿರಿ, ಎಲ್ಲ ಕೂಡಿಸಿ 2.5ರಿಂದ ಗುಣಿಸಿ. ಬಂದ ಅಂಕ 0ರಿಂದ 100ರೊಳಗಿರುತ್ತದೆ. ಅದು ಶೇಕಡಾವಾರು ಅಲ್ಲ ಎಂಬುದನ್ನು ಮರೆಯಬೇಡಿ. ಸರಾಸರಿ ಸುಮಾರು 68 ಎಂದು ಪರಿಗಣಿಸುವುದು ವಾಡಿಕೆ. ಒಂದೇ ಸೌಲಭ್ಯದ ಹಳೆಯ ಮತ್ತು ಹೊಸ ರೂಪಗಳನ್ನು ಹೋಲಿಸಲು ಇದು ಚೆನ್ನಾಗಿ ಒದಗುತ್ತದೆ. ಆದರೆ ಐವರ ಅಂಕದ ಮೇಲೆ ತೀರ್ಪು ಕೊಡಬೇಡಿ.

ಇಷ್ಟೆಲ್ಲ ಶ್ರಮ ಏಕೆ ಎನ್ನುವವರು ತಮ್ಮ ಫೋನಿನ ಅಂಕಿಗಳ ಜೋಡಣೆಯನ್ನೊಮ್ಮೆ ನೋಡಲಿ. ಮೇಲ್ಸಾಲಿನಲ್ಲಿ 1, 2, 3 ಇದೆ. ಕ್ಯಾಲ್ಕುಲೇಟರಿನಲ್ಲಿ ಮೇಲ್ಸಾಲು 7, 8, 9. ಬಟನ್ ಒತ್ತುವ ದೂರವಾಣಿ 1963ರಲ್ಲಿ ಗ್ರಾಹಕರ ಕೈಗೆ ಬರುವ ಮೊದಲೇ ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆಯಾದ ಬೆಲ್ ಪ್ರಯೋಗಾಲಯದವರು ಹಲವು ಜೋಡಣೆಗಳನ್ನು ಜನರ ಕೈಯಲ್ಲಿ ಪರೀಕ್ಷಿಸಿದ್ದರು. ಅಂದು ಆರಿಸಿದ ಜೋಡಣೆಯೇ ಇಂದು ನಿಮ್ಮ ಜೇಬಿನಲ್ಲಿದೆ.

ಹಂತ 5: ಎಲ್ಲರ ಕೈಗೂ ಎಟುಕುವಂತೆ ಮಾಡಿ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ, ಅಂದರೆ ಆರರಲ್ಲಿ ಒಬ್ಬರಿಗೆ, ಗಣನೀಯ ಮಟ್ಟದ ಅಂಗವೈಕಲ್ಯವಿದೆ. ವಯಸ್ಸಾದಂತೆ ಮಂಜಾಗುವ ಕಣ್ಣು, ನಡುಗುವ ಕೈ, ಮಗುವನ್ನು ಎತ್ತಿಕೊಂಡಾಗ ಬಿಡುವಿಲ್ಲದ ಒಂದು ಕೈ ಇವನ್ನೂ ಸೇರಿಸಿದರೆ, ಇದು ಯಾರೋ ಕೆಲವರ ವಿಷಯವಾಗಿ ಉಳಿಯುವುದಿಲ್ಲ. ಕೊನೆಯಲ್ಲಿ ಸೇರಿಸೋಣ ಎಂದು ಇದನ್ನು ಮುಂದೂಡಬೇಡಿ. ಗೋಡೆ ಎದ್ದ ಮೇಲೆ ಬಾಗಿಲು ಅಗಲ ಮಾಡುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ.

ಇದಕ್ಕೊಂದು ಒಪ್ಪಿತ ಕೈಪಿಡಿ ಇದೆ: ‘ವೆಬ್ ಕಂಟೆಂಟ್ ಆ್ಯಕ್ಸೆಸಿಬಿಲಿಟಿ ಗೈಡ್‌ಲೈನ್ಸ್’. ಅದರ 2.2ನೇ ಆವೃತ್ತಿ ಅಕ್ಟೋಬರ್ 2023ರಲ್ಲಿ ಬಂದಿದೆ. ಇಡೀ ಕೈಪಿಡಿ ಓದಲಾಗದಿದ್ದರೆ ಇಷ್ಟನ್ನಾದರೂ ಪಾಲಿಸಿ:

ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರ ಅನುಪಾತದಲ್ಲಿರಬೇಕು, ದೊಡ್ಡ ಅಕ್ಷರಗಳಿಗೆ 3ಕ್ಕೆ 1 ಸಾಕು. ಬಿಳಿಯ ಮೇಲೆ ತಿಳಿ ಬೂದು ಬರೆಯುವ ಚಾಳಿ ಇಲ್ಲಿಗೇ ಕೊನೆಯಾಗಲಿ. ಬಟನ್‌ಗಳು ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಬೇಕೆಂದು ಕೈಪಿಡಿ ಹೇಳುತ್ತದೆ, ಮೇಲಿನ ದರ್ಜೆಯಲ್ಲಿ 44. ನೀವು 44ನ್ನೇ ಹಿಡಿಯಿರಿ, ಹೆಬ್ಬೆರಳಿಗೆ ಅದೇ ಹಿತ. ಬಣ್ಣವೊಂದರಿಂದಲೇ ಅರ್ಥ ಹೇಳಬೇಡಿ. ಕೆಂಪು ಹಸಿರುಗಳ ವ್ಯತ್ಯಾಸ ಕಾಣದ ಪುರುಷರು ಕಡಿಮೆಯೇನಿಲ್ಲ, ಆದ್ದರಿಂದ ಕೆಂಪು ಚುಕ್ಕಿಯ ಪಕ್ಕದಲ್ಲಿ ‘ಬಾಕಿ ಇದೆ’ ಎಂದು ಬರೆಯಿರಿ. ಪ್ರತಿ ಚಿತ್ರಕ್ಕೂ, ಚಿತ್ರದ ಗುರುತಿರುವ ಪ್ರತಿ ಬಟನ್‌ಗೂ ಪಠ್ಯ ವಿವರಣೆ ಕೊಡಿ.

ಕೊನೆಯದು ಏಕೆಂದು ತಿಳಿಯಲು ಒಂದು ಪ್ರಯೋಗ ಮಾಡಿ. ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಇದ್ದೇ ಇರುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಅದನ್ನು ಆನ್ ಮಾಡಿ, ಕಣ್ಣು ಮುಚ್ಚಿಕೊಂಡು, ನಿಮ್ಮದೇ ಆ್ಯಪಿನಲ್ಲಿ ಒಂದು ಕೆಲಸ ಮುಗಿಸಲು ಪ್ರಯತ್ನಿಸಿ. “ಬಟನ್. ಬಟನ್. ಬಟನ್.” ಎಂದಷ್ಟೇ ಕೇಳಿಸಿದರೆ, ಕಾಣದವರಿಗೆ ನಿಮ್ಮ ಆ್ಯಪ್ ಹೇಗಿದೆ ಎಂಬುದು ಅದೇ. ಈ ಪ್ರಯೋಗದ ಬಳಿಕ ದೃಷ್ಟಿದೋಷವಿರುವ ಬಳಕೆದಾರರೊಬ್ಬರನ್ನು ಹಂತ 4ರ ಪರೀಕ್ಷೆಗೆ ಕರೆಯಿರಿ. ಕಣ್ಣು ಮುಚ್ಚಿಕೊಂಡ ನೀವು ಅವರಿಗೆ ಬದಲಿಯಾಗಲಾರಿರಿ.

ಭಾಷೆಯ ವಿಷಯವೂ ಇಲ್ಲೇ ಸೇರುತ್ತದೆ. ಒಂದು ಭಾಷೆಯಲ್ಲಿ ನಾಲ್ಕು ಅಕ್ಷರದ ಪದ ಇನ್ನೊಂದರಲ್ಲಿ ಹನ್ನೆರಡಾಗಬಹುದು, ಬಟನ್ ಅಷ್ಟನ್ನು ಹಿಡಿಯಬೇಕು. ಒತ್ತಕ್ಷರಗಳಿರುವ ಲಿಪಿಗಳಲ್ಲಿ ಸಾಲುಗಳ ನಡುವೆ ಜಾಗ ಸಾಲದಿದ್ದರೆ ಒತ್ತಿನ ಬುಡ ಕತ್ತರಿಸಿಹೋಗಿ ‘ಸ್ತ್ರೀ’ ಎಂಬುದು ‘ಸೀ’ ಎಂದು ಕಾಣುತ್ತದೆ. ಯಂತ್ರಾನುವಾದವನ್ನು ಹಾಗೆಯೇ ಅಂಟಿಸದೆ, ಆ ಭಾಷೆಯಲ್ಲಿ ದಿನವೂ ವ್ಯವಹರಿಸುವವರಿಂದ ಪ್ರತಿ ಪರದೆಯನ್ನೂ ಓದಿಸಿ.

ಹಂತ 6: ಫಾರ್ಮ್, ತಪ್ಪಿನ ಸಂದೇಶ, ಪಾಸ್‌ವರ್ಡ್

ಜನ ಬಿಟ್ಟುಹೋಗುವುದು ಹೆಚ್ಚಾಗಿ ಈ ಮೂರರಲ್ಲಿ.

ಫಾರ್ಮಿನ ಪ್ರತಿ ಪ್ರಶ್ನೆಯನ್ನೂ ಹಿಡಿದು ಕೇಳಿ: ಈ ಉತ್ತರವನ್ನು ಯಾರು, ಯಾವಾಗ, ಯಾತಕ್ಕೆ ಬಳಸುತ್ತಾರೆ? ಉತ್ತರವಿಲ್ಲದಿದ್ದರೆ ಆ ಪ್ರಶ್ನೆ ಅಳಿಸಿ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡನ್ನೂ ಕಡ್ಡಾಯ ಮಾಡಬೇಡಿ. ಒಂದೇ ಹೆಸರಿರುವವರು ಜಗತ್ತಿನಲ್ಲಿ ಲಕ್ಷಾಂತರ ಮಂದಿ. ಅವರು ಅಲ್ಲಿ ಚುಕ್ಕಿ ಹಾಕಿ, ಹೆಸರನ್ನೇ ಎರಡು ಸಲ ಬರೆದು ಹೇಗೋ ದಾಟುತ್ತಾರೆ, ಮುಂದೆ ದಾಖಲೆಗಳು ಹೊಂದದೆ ಒದ್ದಾಡುತ್ತಾರೆ. ‘ಪೂರ್ಣ ಹೆಸರು’ ಎಂಬ ಒಂದು ಚೌಕ ಸಾಕು. ಅರ್ಧ ತುಂಬಿದ ಫಾರ್ಮ್ ಕರೆ ಬಂದಾಗ, ನೆಟ್‌ವರ್ಕ್ ಹೋದಾಗ ಅಳಿಸಿಹೋಗಬಾರದು. ಒಂದು ಸಲದ ಪಾಸ್‌ವರ್ಡ್, ಅಂದರೆ ಓಟಿಪಿ, ನೋಡಲು ಸಂದೇಶಗಳಿಗೆ ಹೋಗಿ ಮರಳುವಷ್ಟರಲ್ಲಿ ಪುಟ ಮೊದಲಿಗೆ ಜಾರಿದರೆ ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ಆ ಓಟಿಪಿ ಹೋಗುವ ಫೋನ್ ಮನೆಯ ಬೇರೊಬ್ಬರ ಬಳಿ ಇರುತ್ತದೆ ಎಂಬುದನ್ನೂ ಯೋಚಿಸಿ.

ತಪ್ಪಿನ ಸಂದೇಶ ಮೂರು ಸಂಗತಿ ಹೇಳಬೇಕು: ಏನಾಯಿತು, ಈಗ ಏನು ಮಾಡಬೇಕು, ಈವರೆಗೆ ತುಂಬಿದ್ದು ಉಳಿದಿದೆಯೇ. ಇದನ್ನು ಚಿಕ್ಕ ವಿಷಯ ಎಂದುಕೊಳ್ಳಬೇಡಿ. 1985ರಿಂದ 1987ರ ನಡುವೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಮೂಲದೋಷಗಳು ಪ್ರೋಗ್ರಾಮಿನಲ್ಲಿ ಮತ್ತು ತೆಗೆದುಹಾಕಿದ್ದ ಯಾಂತ್ರಿಕ ರಕ್ಷಣೆಗಳಲ್ಲಿ ಇದ್ದವು. ಆದರೆ ಆ ಪೈಕಿ ಎರಡು ಪ್ರಕರಣಗಳಲ್ಲಿ ಆ ಗಳಿಗೆಯಲ್ಲಿ ಪರದೆ ಮೇಲೆ ಮೂಡಿದ್ದು ‘ಮಾಲ್‌ಫಂಕ್ಷನ್ 54’ (ದೋಷ 54) ಎಂಬಷ್ಟೇ ಮಾತು. ಅದರ ಅರ್ಥವೇನೆಂಬ ಉಪಯುಕ್ತ ವಿವರಣೆ ಕೈಪಿಡಿಯಲ್ಲಿ ಇರಲಿಲ್ಲ. ಇಂಥ ಸಂದೇಶಗಳು ಪದೇ ಪದೇ ಬರುತ್ತಿದ್ದುದರಿಂದ ನಿರ್ವಾಹಕರು ಒಂದು ಕೀ ಒತ್ತಿ ಮುಂದುವರಿಯುವುದು ರೂಢಿಯಾಗಿತ್ತು. ನಿಮ್ಮ ವ್ಯವಸ್ಥೆಯಲ್ಲಿ ‘ದೋಷ 4012’ ಎಂದಿರುವ ಕಡೆಯಲ್ಲೆಲ್ಲ ಇದನ್ನು ನೆನಪಿಸಿಕೊಂಡು ಪೂರ್ಣ ವಾಕ್ಯ ಬರೆಯಿರಿ. ಗಂಭೀರವಾದ ಎಚ್ಚರಿಕೆಗಳು ಅಪರೂಪವಾಗಿರಲಿ, ಆಗಲೇ ಜನ ಓದುತ್ತಾರೆ.

ಪಾಸ್‌ವರ್ಡ್ ಬಗ್ಗೆ: ಪ್ರತಿ ಮೂರು ತಿಂಗಳಿಗೆ ಬದಲಿಸಿ, ದೊಡ್ಡಕ್ಷರ, ಅಂಕಿ, ವಿಶೇಷ ಚಿಹ್ನೆ ಸೇರಿಸಿ ಎಂಬ ಹಳೆಯ ಕಟ್ಟಳೆಗಳನ್ನು ಬಿಡಿ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲೇ ಇವೆರಡನ್ನೂ ಕೈಬಿಡಲು ಸಲಹೆ ಮಾಡಿದೆ. ಉದ್ದನೆಯ ಪಾಸ್‌ವರ್ಡ್‌ಗೆ ಅವಕಾಶ ಕೊಡಿ, ಅಂಟಿಸಲು ಬಿಡಿ, ಬರೆದದ್ದನ್ನು ನೋಡಲು ಕಣ್ಣಿನ ಗುರುತು ಇಡಿ.

ಬಳಕೆದಾರರನ್ನು ಎಷ್ಟು ಹೊತ್ತು ಕಾಯಿಸಬಹುದು ಎಂಬ ವಿಷಯದಲ್ಲಿ ಮೂರು ಅಂಕಿಗಳು ಸಾಕು. 0.1 ಸೆಕೆಂಡಿನೊಳಗೆ ಪ್ರತಿಕ್ರಿಯೆ ಬಂದರೆ ಅದು ತಕ್ಷಣವೇ ಆದಂತೆ ತೋರುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಓಟ ತುಂಡಾಗುವುದಿಲ್ಲ. 10 ಸೆಕೆಂಡು ದಾಟಿದರೆ ಗಮನ ಬೇರೆಡೆ ಹೋಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸಕ್ಕೆ ಎಷ್ಟು ಮುಗಿದಿದೆ ಎಂದು ತೋರಿಸಿ. ಇದನ್ನು ನಿಮ್ಮ ಹೊಸ ಕಂಪ್ಯೂಟರಿನಲ್ಲಿ ಅಳೆಯಬೇಡಿ, ಆ ಹಳೆಯ ಮೊಬೈಲಿನಲ್ಲಿ ಅಳೆಯಿರಿ.

ಹಂತ 7: ಬಳಕೆದಾರರ ಮಾಹಿತಿಯನ್ನು ಮಿತವಾಗಿ ಪಡೆಯಿರಿ

ಬೇಕಾದಷ್ಟೇ ಕೇಳಿ, ಏಕೆಂದು ಅಲ್ಲೇ ಹೇಳಿ, ಕೆಲಸ ಮುಗಿದ ಮೇಲೆ ಅಳಿಸಿ. ಸೇರುವಷ್ಟೇ ಸುಲಭವಾಗಿ ಹೊರಹೋಗಲು ಬಿಡಿ. ಬೇಡವೆನ್ನುವ ಬಟನ್ನನ್ನು ಮಸುಕಾಗಿಸುವುದು, ಮೊದಲೇ ಟಿಕ್ ಹಾಕಿಡುವುದು, ರದ್ದತಿಯನ್ನು ಆರು ಪುಟಗಳ ಆಚೆ ಬಚ್ಚಿಡುವುದು ಇವಕ್ಕೆ ವಿನ್ಯಾಸಕಾರ ಹ್ಯಾರಿ ಬ್ರಿಗ್ನುಲ್ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ಬಳಕೆದಾರರ ಮನಸ್ಸನ್ನು ಅರಿತು ಅವರ ವಿರುದ್ಧವೇ ಬಳಸುವ ಮೋಸ ಇದು. ಮಾಡಬೇಡಿ.

ಹಂತ 8: ಕೊಳ್ಳುವವರಾದರೆ ಹೀಗೆ ಕೇಳಿ

ಮಾರುವವರು ತೋರಿಸುವ ಪ್ರದರ್ಶನ ಎಂದೂ ಎಡವುವುದಿಲ್ಲ, ಏಕೆಂದರೆ ಬೆರಳು ಅವರದೇ. ಅದನ್ನು ನಿಲ್ಲಿಸಿ, ನಿಮ್ಮ ಸಂಸ್ಥೆಯ ಸಾಮಾನ್ಯ ಸಿಬ್ಬಂದಿ ಒಬ್ಬರ ಕೈಗೆ ಕೊಡಿಸಿ, ನಿಮ್ಮದೇ ಒಂದು ನಿಜವಾದ ಕೆಲಸ ಮಾಡಿಸಿ. ಬಳಿಕ ಈ ಪ್ರಶ್ನೆಗಳನ್ನು ಲಿಖಿತವಾಗಿ ಕೇಳಿ: ನೆಟ್‌ವರ್ಕ್ ಇಲ್ಲದಾಗ ಏನು ಕೆಲಸ ಮಾಡುತ್ತದೆ? ಸ್ಕ್ರೀನ್ ರೀಡರಿನಲ್ಲಿ ಪರೀಕ್ಷಿಸಿದ್ದೀರಾ, ಫಲಿತಾಂಶ ತೋರಿಸುತ್ತೀರಾ? ನಮ್ಮ ಮಾಹಿತಿಯನ್ನು ಸಾಮಾನ್ಯ ರೂಪದ ಕಡತವಾಗಿ ನಾವೇ ಹೊರತೆಗೆಯಬಹುದೇ? ಒಪ್ಪಂದ ಮುಗಿದರೆ ಆ ಮಾಹಿತಿ ಏನಾಗುತ್ತದೆ? ತಪ್ಪು ಕಂಡರೆ ಎಷ್ಟು ದಿನದಲ್ಲಿ ತಿದ್ದುತ್ತೀರಿ?

ಮಾಹಿತಿ ಹೊರತೆಗೆಯುವ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದರೆ ನಾನಂತೂ ಅಲ್ಲಿಂದ ಎದ್ದುಬರುತ್ತೇನೆ. ಉಳಿದ ಕೊರತೆಗಳನ್ನು ಮುಂದೆ ತುಂಬಿಕೊಳ್ಳಬಹುದು, ಕೈಸೆರೆಯಾದ ದಾಖಲೆಗಳನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಹಂತ 9: ಜಾರಿಗೆ ತನ್ನಿ, ಆತುರ ಬೇಡ

ಹೊಸದನ್ನು ಜನ ಏಕೆ ಒಪ್ಪುತ್ತಾರೆ ಎಂಬುದನ್ನು ಸಮಾಜವಿಜ್ಞಾನಿ ಎವೆರೆಟ್ ರೋಜರ್ಸ್ 1962ರಲ್ಲೇ ವಿವರಿಸಿದರು. ಅವರು ಗುರುತಿಸಿದ ಐದು ಗುಣಗಳನ್ನು ಪ್ರಶ್ನೆಗಳಾಗಿ ಬರೆದಿಟ್ಟುಕೊಳ್ಳಿ. ಹಳೆಯದಕ್ಕಿಂತ ಇದರಿಂದ ಬಳಸುವವರಿಗೆ ಲಾಭವಿದೆಯೇ? ಅವರ ಈಗಿನ ರೂಢಿಗೆ ಹೊಂದುತ್ತದೆಯೇ? ಅರ್ಥಮಾಡಿಕೊಳ್ಳಲು ಸರಳವೇ? ಸ್ವಲ್ಪ ಬಳಸಿ ನೋಡಿ ಬಿಡಲು ಅವಕಾಶವಿದೆಯೇ? ಇತರರಿಗೆ ಆದ ಪ್ರಯೋಜನ ಕಣ್ಣಿಗೆ ಕಾಣುತ್ತದೆಯೇ? ಮೊದಲನೆಯದರಲ್ಲೇ ಅನೇಕ ಯೋಜನೆಗಳು ಸೋಲುತ್ತವೆ. ಲಾಭ ಮೇಲಧಿಕಾರಿಗೆ, ಹೆಚ್ಚುವರಿ ದುಡಿಮೆ ಕೆಳಗಿನ ಸಿಬ್ಬಂದಿಗೆ ಎಂದಾದರೆ ಅವರು ಬಳಸದಿರುವುದರಲ್ಲಿ ಆಶ್ಚರ್ಯವಿಲ್ಲ. ನರ್ಸ್ ಒಬ್ಬರು ಅದೇ ವಿವರವನ್ನು ರಿಜಿಸ್ಟರಿನಲ್ಲೊಮ್ಮೆ, ಟ್ಯಾಬ್ಲೆಟ್ಟಿನಲ್ಲೊಮ್ಮೆ ಬರೆಯಬೇಕಾದರೆ, ಬಿಡುವಿಲ್ಲದ ದಿನ ಅವರು ಬಿಡುವುದು ಟ್ಯಾಬ್ಲೆಟ್ಟನ್ನೇ.

ಆದ್ದರಿಂದ ಒಂದು ವಿಭಾಗದಲ್ಲಿ, ಒಂದು ಕೆಲಸಕ್ಕೆ ಮಾತ್ರ ಆರಂಭಿಸಿ. ಆ ಕೆಲಸದ ಎರಡು ಬಗೆಯ ಬರವಣಿಗೆಯನ್ನು ಒಂದಾಗಿಸಿ. ಹಳೆಯ ದಾರಿಯನ್ನು ಕೂಡಲೇ ಮುಚ್ಚಬೇಡಿ; ಫೋನ್ ಇಲ್ಲದವರಿಗೆ, ಬಳಸಲಾರದವರಿಗೆ ಮನುಷ್ಯರಿರುವ ಕೌಂಟರ್ ಯಾವತ್ತೂ ತೆರೆದಿರಲಿ. ತರಬೇತಿಯನ್ನು ಸಭಾಂಗಣದಲ್ಲಿ ಒಂದು ದಿನ ಭಾಷಣವಾಗಿ ಮುಗಿಸದೆ, ಕೆಲಸದ ಮೇಜಿನ ಬಳಿ ಹದಿನೈದು ನಿಮಿಷದಂತೆ ಕೆಲವು ದಿನ ಕೊಡಿ. ಪ್ರತಿ ವಿಭಾಗದಲ್ಲಿ ಸಹೋದ್ಯೋಗಿಗಳು ಸಂಕೋಚವಿಲ್ಲದೆ ಕೇಳಬಹುದಾದ ಒಬ್ಬರನ್ನು ಗುರುತಿಸಿ, ಅವರ ಇತರ ಕೆಲಸ ಅಷ್ಟು ಮಟ್ಟಿಗೆ ಕಡಿಮೆ ಮಾಡಿ.

ಜನ ನೀವು ಎಣಿಸದ ರೀತಿಯಲ್ಲಿ ಬಳಸತೊಡಗಿದರೆ ತಡೆಯುವ ಮೊದಲು ಗಮನಿಸಿ. ಕೀನ್ಯಾದ ಮೊಬೈಲ್ ಹಣ ಸೇವೆ ಎಂ-ಪೆಸಾ 2005ರಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ಕಿರುಸಾಲದ ಕಂತು ಕಟ್ಟಲು. ಪ್ರಯೋಗದಲ್ಲಿ ಭಾಗವಹಿಸಿದವರು ಅದರಿಂದ ಒಬ್ಬರಿಗೊಬ್ಬರು ಹಣ ಕಳುಹಿಸತೊಡಗಿದರು. ರೂಪಿಸಿದವರು ಅದನ್ನು ಕಂಡು ಹಣ ಕಳುಹಿಸುವುದನ್ನೇ ಮುಖ್ಯ ಮಾಡಿದರು. ಮಾರ್ಚ್ 2007ರಲ್ಲಿ ಸಾರ್ವಜನಿಕರಿಗೆ ದೊರೆತದ್ದು ಆ ರೂಪ.

ಹಂತ 10: ಮೂರು ತಿಂಗಳ ನಂತರ ಮತ್ತೆ ಹೋಗಿ

ಎಷ್ಟು ಜನ ಆ್ಯಪ್ ಇಳಿಸಿಕೊಂಡರು ಎಂಬ ಸಂಖ್ಯೆಯನ್ನು ನೆಚ್ಚಬೇಡಿ. ಶುರುಮಾಡಿದ ಕೆಲಸವನ್ನು ಎಷ್ಟು ಜನ ಮುಗಿಸಿದರು, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಬಿಟ್ಟರು, ಸಹಾಯ ಕೇಳಿ ಎಷ್ಟು ಕರೆಗಳು ಬಂದವು ಎಂಬುದನ್ನು ಎಣಿಸಿ. 2ನೇ ಹಂತದಲ್ಲಿ ಬರೆದ ವಾಕ್ಯವನ್ನು ತೆಗೆದು ಅದರ ಪಕ್ಕದಲ್ಲಿಡಿ: ವ್ಯರ್ಥ ಪ್ರಯಾಣಗಳು ಅರ್ಧಕ್ಕಿಳಿದವೇ?

ಆಮೇಲೆ ಕೆಲಸದ ಜಾಗಕ್ಕೆ ಹೋಗಿ ಕಂಪ್ಯೂಟರಿನ ಸುತ್ತ ನೋಡಿ. ಮಾನಿಟರಿನ ಅಂಚಿಗೆ, ಮೇಜಿನ ಗಾಜಿನಡಿ, ಗೋಡೆಗೆ ಅಂಟಿಸಿದ ಚೀಟಿಗಳಿರುತ್ತವೆ. “ಸೇವ್ ಆದ ಮೇಲೆ ಇನ್ನೊಮ್ಮೆ ಸೇವ್ ಒತ್ತಬೇಕು”, “ವಿಳಾಸದಲ್ಲಿ ಅಲ್ಪವಿರಾಮ ಹಾಕಬೇಡಿ”, “ಮುದ್ರಿಸಲು ಹಿಂದೆ ಹೋಗಿ ಮುಂದೆ ಬನ್ನಿ”. ನಿಮ್ಮ ವ್ಯವಸ್ಥೆ ಹೇಳದೇ ಬಿಟ್ಟದ್ದನ್ನು ಸಿಬ್ಬಂದಿ ಒಬ್ಬರಿಗೊಬ್ಬರು ಹೇಳಿಕೊಂಡ ಬಗೆ ಇದು. ಪಾಸ್‌ವರ್ಡ್ ಬರೆದ ಚೀಟಿಯಿದ್ದರೆ ಅದನ್ನು ನಕಲು ಮಾಡಬೇಡಿ, ಲಾಗಿನ್ ಕಷ್ಟವಾಗಿದೆ ಎಂದಷ್ಟೇ ಗುರುತಿಸಿ. ಉಳಿದ ಚೀಟಿಗಳನ್ನು ಒಂದೊಂದಾಗಿ ಬರೆದುಕೊಂಡು, ತಿದ್ದುಪಡಿಗಳ ಪಟ್ಟಿಯ ಮೊದಲಲ್ಲಿ ಸೇರಿಸಿ. ತಿದ್ದಿದ ಮೇಲೆ ಮತ್ತೊಮ್ಮೆ ಹೋಗಿ. ಚೀಟಿ ಇನ್ನೂ ಅಲ್ಲೇ ಅಂಟಿಕೊಂಡಿದ್ದರೆ ಆ ತಿದ್ದುಪಡಿ ಅವರನ್ನು ಮುಟ್ಟಿಲ್ಲ. ಪಟ್ಟಿಯಲ್ಲಿ ಅದನ್ನು ಮತ್ತೆ ಬರೆಯಿರಿ.